ಟಿಪ್ಪುವಿನ ರಾಯಭಾರಿಯ ಚಿತ್ರ ಬರೆದ ವಿಜೆ ಲೆಬ್ರನ್: ಬರೀ ಆಸ್ಥಾನದ ಹೊಗಳುಭಟ್ಟಿಯಾ?

ಹಳೇಪೇಟೆ ಹುಡುಗ:

ಮೊಹಮ್ಮದ್ ದರ್ವೇಶ್ ಖಾನ್ ಚಿತ್ರವನ್ನು ನಿಮ್ಮಲ್ಲಿ ತುಂಬಾ ಜನ ನೋಡಿರುತ್ತೀರಿ. ಬಿಳಿ ಮಸ್ಲಿನ್ ನಿಲುವಂಗಿ, ಅದರ ತುಂಬ ಚಿನ್ನದ ಹೂವು, ತಲೆಗೆ ಮುಂಡಾಸು, ಕೈಯಲ್ಲಿ ಡೊಂಕು ಕತ್ತಿ. ಕ್ಯಾನ್ವಾಸೇ ಎರಡು ಮೀಟರಿಗಿಂತ ಎತ್ತರ ಇದೆ. 1787ರಲ್ಲಿ ಟಿಪ್ಪು ಸುಲ್ತಾನ್ ಫ್ರಾನ್ಸಿನ ದೊರೆ 16ನೇ ಲೂಯಿ ಹತ್ತಿರ ಕಳಿಸಿದ ಮೂವರು ರಾಯಭಾರಿಗಳಲ್ಲಿ ಈತ ಒಬ್ಬ. 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಇದು ಸುಮಾರು 72 ಲಕ್ಷ ಡಾಲರಿಗೆ ಹೋಯಿತು. ಆ ಕಾಲದ ಕಲಾವಿದೆಯೊಬ್ಬಳ ಚಿತ್ರಕ್ಕೆ ಹರಾಜಿನಲ್ಲಿ ಅಷ್ಟು ಬೆಲೆ ಅಲ್ಲಿವರೆಗೆ ಬಂದಿರಲಿಲ್ಲ.

ಈ ಚಿತ್ರ ಕಂಡಾಗಲೆಲ್ಲ ನಾವು ಟಿಪ್ಪು ಬಗ್ಗೆ ಜಗಳ ಆಡಿ ಮುಗಿಸುತ್ತೇವೆ. ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ. ಹೆಸರು ಎಲಿಜಬೆತ್ ವಿಜೆ ಲೆಬ್ರನ್, ರಾಣಿ ಮೇರಿ ಆಂಟೊನೆಟ್‌ಗೆ ಬೇಕಾದ ಕಲಾವಿದೆ. ನನಗೆ ಗೊತ್ತಿರುವುದು ಇಷ್ಟೇ. ಆಸ್ಥಾನದ ಹೊಗಳುಭಟ್ಟಿ, ದುಡ್ಡಿದ್ದವರನ್ನು ಚೆಂದ ಮಾಡಿ ಬರೆದು ಬದುಕಿದವಳು ಅಂತ ಕೆಲವರು ಹೇಳುತ್ತಾರೆ. ಅವಳ ಕಾಲಕ್ಕೆ ಅವಳನ್ನು ಮೀರಿಸಿದ ಪೋರ್ಟ್ರೇಟ್ ಕಲಾವಿದರಿಲ್ಲ ಅಂತ ಇನ್ನು ಕೆಲವರು. ಗೊತ್ತಿದ್ದವರು ಬಿಡಿಸಿ ಹೇಳಿ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಚರ್ಚೆ ದಯವಿಟ್ಟು ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗ ಬೇಕಾದಷ್ಟಿದೆ.

ಕುಂಚ ಕ್ಯಾನ್ವಾಸ್:

ನಾನು ಚಿತ್ರಕಲೆ ಪಾಠ ಮಾಡುವವಳು. ಈಕೆಯ ವಿಷಯ ಎತ್ತಿದರೆ ನನ್ನನ್ನು ನಿಲ್ಲಿಸುವುದು ಕಷ್ಟ. ಉದ್ದವಾದರೆ ಬೈಯಬೇಡಿ.

ಹುಟ್ಟಿದ್ದು 1755ರ ಏಪ್ರಿಲ್ 16, ಪ್ಯಾರಿಸ್. ಅಪ್ಪ ಲೂಯಿ ವಿಜೆ ಪ್ಯಾಸ್ಟೆಲ್‌ನಲ್ಲಿ ಮುಖ ಬರೆಯುತ್ತಿದ್ದ, ಅಮ್ಮ ಹೆಂಗಸರ ತಲೆಕೂದಲು ಸಿಂಗರಿಸುವ ಕೆಲಸದವಳು. ಕಾನ್ವೆಂಟಿನಲ್ಲಿ ಓದಲು ಬಿಟ್ಟಿದ್ದ ಈ ಹುಡುಗಿ ಪುಸ್ತಕದ ಅಂಚು, ಗೋಡೆ, ಕೈಗೆ ಸಿಕ್ಕಿದ ಕಡೆಯೆಲ್ಲ ಗೀಚಿ ಬೈಸಿಕೊಳ್ಳುತ್ತಿದ್ದಳು. ಏಳೆಂಟು ವರ್ಷದವಳಿದ್ದಾಗ ಒಂದು ಸಂಜೆ ದೀಪದ ಬೆಳಕಲ್ಲಿ ಗಡ್ಡದ ಮನುಷ್ಯನ ತಲೆ ಬರೆದಳಂತೆ. ಅಪ್ಪನಿಗೆ ಖುಷಿಯೋ ಖುಷಿ, ನೀನು ಪೇಂಟರ್ ಆಗೇ ಆಗುತ್ತೀಯ ಅಂದುಬಿಟ್ಟ. ಅವಳಿಗೆ 12 ವರ್ಷ ಆದಾಗ ಆ ಅಪ್ಪ ಹೋಗಿಬಿಟ್ಟ. ನುಂಗಿದ ಮೀನಿನ ಮುಳ್ಳು ಒಳಗೆ ಸಿಕ್ಕಿಕೊಂಡು, ಕೊಯ್ದು ತೆಗೆಯಲು ನೋಡಿದರೂ ಉಳಿಯಲಿಲ್ಲ.

ಅಮ್ಮ ಒಬ್ಬ ಒಡವೆ ವ್ಯಾಪಾರಿಯನ್ನು ಮರುಮದುವೆ ಆದಳು. ಇವನು ಸತ್ತವನ ಬಟ್ಟೆಗಳನ್ನೇ, ತನ್ನ ಅಳತೆಗೆ ಹೊಲಿಸಿಕೊಳ್ಳದೆ, ಹಾಗೇ ಹಾಕಿಕೊಂಡು ಓಡಾಡುತ್ತಿದ್ದ. ಮಗಳಿಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಅಷ್ಟೊತ್ತಿಗಾಗಲೇ ಅವಳು ಹದಿಹರೆಯದಲ್ಲೇ ಮುಖ ಬರೆದು ದುಡಿಯುತ್ತಿದ್ದಳು, ತಮ್ಮನ ಓದಿನ ಖರ್ಚೂ ಅವಳದೇ. ದುಡಿದದ್ದೆಲ್ಲ ಮಲತಂದೆ ಇಸಿದುಕೊಳ್ಳುತ್ತಿದ್ದ.

1774ರಲ್ಲಿ ಇನ್ನೊಂದು ತಾಪತ್ರಯ. ಪ್ಯಾರಿಸಿನಲ್ಲಿ ಚಿತ್ರ ಬರೆದು ಮಾರಬೇಕಾದರೆ ಸಂಘದ ಪರವಾನಗಿ ಬೇಕು. ಇವಳ ಹತ್ತಿರ ಇರಲಿಲ್ಲ, ಅಧಿಕಾರಿಗಳು ಬಂದು ಸ್ಟುಡಿಯೋ ಜಪ್ತಿ ಮಾಡಿದರು. ಅಳುತ್ತಾ ಕೂರಲಿಲ್ಲ, ಅಪ್ಪ ಸದಸ್ಯನಾಗಿದ್ದ ಸೇಂಟ್ ಲ್ಯೂಕ್ ಅಕಾಡೆಮಿಗೆ ಅರ್ಜಿ ಹಾಕಿ ಅದೇ ಅಕ್ಟೋಬರಿನಲ್ಲಿ ಸದಸ್ಯೆಯಾದಳು. ವಯಸ್ಸು 19.

1776ರಲ್ಲಿ ಮದುವೆ. ಗಂಡ ಜಾನ್ ಬ್ಯಾಪ್ಟಿಸ್ಟ್ ಪಿಯೆರ್ ಲೆಬ್ರನ್, ಸ್ವಲ್ಪ ಪೇಂಟರ್, ಜಾಸ್ತಿ ಚಿತ್ರಗಳ ವ್ಯಾಪಾರಿ. ಮಲತಂದೆಯ ಕೈ ತಪ್ಪಿಸಿಕೊಳ್ಳಲು ಒಪ್ಪಿಕೊಂಡೆ ಅಂತ ಅವಳೇ ಬರೆದುಕೊಂಡಿದ್ದಾಳೆ. ಬಾಣಲೆಯಿಂದ ಬೆಂಕಿಗೆ! ಇವನಿಗೆ ಜೂಜಿನ ಚಟ, ಹೆಂಗಸರ ಚಟ. ಹೆಂಡತಿಯ ದುಡಿಮೆ ಪೂರ್ತಿ ಇವನ ಕೈಗೆ. ಸಾಲದ್ದಕ್ಕೆ ಪಾಠ ಹೇಳಿಕೊಡು, ಅದರಿಂದಲೂ ದುಡ್ಡು ಬರುತ್ತೆ ಅಂತ ಒತ್ತಾಯ. ಹುಡುಗಿಯರನ್ನು ಸೇರಿಸಿಕೊಂಡಳು. ಒಂದು ದಿನ ಸ್ಟುಡಿಯೋಗೆ ಹೋದರೆ ಶಿಷ್ಯೆಯರು ತೊಲೆಗೆ ಹಗ್ಗ ಕಟ್ಟಿ ಜೋಕಾಲಿ ಆಡುತ್ತಿದ್ದಾರೆ! ಗಂಭೀರವಾಗಿ ನಾಲ್ಕು ಮಾತು ಬೈದು, ಆಮೇಲೆ ತಾನೂ ಹತ್ತಿ ಜೀಕಿದಳಂತೆ. ಪಾಠ ಜಾಸ್ತಿ ದಿನ ನಡೆಯಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಇವಳನ್ನು ದುಡ್ಡಿನಾಸೆಯವಳು ಅನ್ನುವವರು ಒಂದು ಲೆಕ್ಕ ನೋಡಲಿ. ಹತ್ತು ಲಕ್ಷ ಫ್ರಾಂಕಿಗಿಂತ ಜಾಸ್ತಿ ದುಡಿದೂ, ಪ್ಯಾರಿಸ್ ಬಿಡುವಾಗ ತನ್ನದು ಅಂತ 20 ಫ್ರಾಂಕಿನ ಆದಾಯವೂ ಇರಲಿಲ್ಲ ಅಂತ ಅವಳ ಆತ್ಮಕಥೆಯಲ್ಲೇ ಇದೆ.

ಮಾತಿಗೊಂದು ಮಾತು:

ಮೇಡಂ, ಕಷ್ಟಪಟ್ಟು ಬಂದಳು, ಒಪ್ಪಿಕೊಂಡೆ. ಅದಕ್ಕೂ ಚಿತ್ರಕ್ಕೂ ಏನು ಸಂಬಂಧ? ಈಕೆಯ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲರಿಗೂ ದೊಡ್ಡ ದೊಡ್ಡ ಒದ್ದೆ ಕಣ್ಣು, ಎಲ್ಲರಿಗೂ ಗುಲಾಬಿ ಕೆನ್ನೆ, ಒಬ್ಬರಿಗೂ ಒಂದು ಸುಕ್ಕಿಲ್ಲ. ರಾಣಿಯ ಮುಖವಂತೂ ಬೇರೆಯವರು ಬರೆದದ್ದಕ್ಕೆ ಹೋಲಿಸಿದರೆ ತಂಗಿಯೇನೋ ಅನ್ನಿಸುತ್ತೆ. ಹೊರಗಡೆ ಜನ ಬ್ರೆಡ್ಡಿಗೆ ಕ್ಯೂ ನಿಂತಿದ್ದಾಗ ಒಳಗಡೆ ರಾಣಿ ಜೊತೆ ಹಾಡು ಹೇಳಿಕೊಂಡು ಕೂತವಳು ಈಕೆ. ಹೊಗಳುಭಟ್ಟಿ ಅನ್ನದೆ ಇನ್ನೇನು ಅನ್ನಬೇಕು?

ಕುಂಚ ಕ್ಯಾನ್ವಾಸ್:

ಹಾಡು ಹೇಳಿದ್ದು ನಿಜ, ಗ್ರೆಟ್ರಿ ಅನ್ನುವ ಸಂಗೀತಗಾರನ ಯುಗಳಗೀತೆಗಳನ್ನು. ರಾಣಿಯ ಶ್ರುತಿ ಯಾವಾಗಲೂ ಸರಿ ಇರುತ್ತಿರಲಿಲ್ಲ ಅಂತಲೂ ಇವಳು ಬರೆದಿಟ್ಟಿದ್ದಾಳೆ ಸ್ವಾಮಿ. ಎಂಥಾ ಹೊಗಳುಭಟ್ಟಿ ನೋಡಿ!

ಹೊಗಳಿಕೆ ಇವಳ ಕೆಲಸದ ಸಲಕರಣೆ ಆಗಿತ್ತು, ಅದನ್ನು ಮುಚ್ಚಿಟ್ಟವಳೂ ಅಲ್ಲ. ಪೋರ್ಟ್ರೇಟ್ ಬರೆಯುವವರಿಗೆ ಅಂತ ಕೆಲವು ಸಲಹೆ ಬರೆದಿದ್ದಾಳೆ. ಎದುರಿಗೆ ಕೂರುವವರು ಬರುವ ಅರ್ಧ ಗಂಟೆ ಮುಂಚೆಯೇ ಸಿದ್ಧವಾಗಿರಿ. ಹೆಂಗಸರಿಗೆ ನೀವು ಚೆಂದ ಇದ್ದೀರಿ, ಮೈಬಣ್ಣ ತಾಜಾ ಇದೆ ಅಂತ ಹೇಳಿ, ಅವರ ಮನಸ್ಸು ಹಗುರಾಗುತ್ತೆ, ಬೇಸರವಿಲ್ಲದೆ ಕೂರುತ್ತಾರೆ. ಪೋಸ್ ಕೊಟ್ಟವರಿಗೆ ಗೊತ್ತು, ಗಂಟೆಗಟ್ಟಲೆ ಅಲುಗಾಡದೆ ಕೂತರೆ ಮುಖ ಹೇಗೆ ಜೋತುಬೀಳುತ್ತೆ ಅಂತ. ಸತ್ತ ಮುಖ ಬರೆಯುವುದಕ್ಕಿಂತ ಎರಡು ಒಳ್ಳೆ ಮಾತು ಆಡುವುದು ವಾಸಿ ಅಲ್ವಾ?

ಗಂಡಸರ ವಿಷಯದಲ್ಲಿ ಬೇರೆ ಉಪಾಯ. ಹುಡುಗಿ ನೋಡಲು ಚೆಂದ ಇದ್ದಳು, ಕೆಲವರು ಚಿತ್ರದ ನೆಪದಲ್ಲಿ ಬಂದು ಕಣ್ಣು ಹೊಡೆಯುತ್ತಾ ಕೂರುತ್ತಿದ್ದರು. ಇವಳು ಅಂಥವರ ನೋಟ ಎಲ್ಲೋ ದೂರಕ್ಕೆ ನೆಟ್ಟ ಹಾಗೆ ಬರೆಯುತ್ತಿದ್ದಳು. ಈ ಕಡೆ ತಿರುಗಿದ ಕೂಡಲೇ, ಈಗ ಕಣ್ಣು ಬರೆಯುತ್ತಿದ್ದೇನೆ ಸರ್, ಆ ಕಡೆ ನೋಡಿ ಅನ್ನುವುದು. ನನ್ನ ಶಿಷ್ಯೆಯರಿಗೆ ಇದು ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ.

ರಾಣಿಯ ಚಿತ್ರಗಳ ವಿಷಯಕ್ಕೆ ಬರೋಣ. ಮೊದಲನೆಯದು 1778ರದ್ದು, ವಿಯೆನ್ನಾದಲ್ಲಿದ್ದ ಅವಳ ತಾಯಿ ಮರಿಯಾ ತೆರೇಸಾಗೆ ಕಳಿಸಲು. ದೊಡ್ಡ ಬಿಳಿ ಸ್ಯಾಟಿನ್ ಗೌನು, ಎರಡೂ ಪಕ್ಕ ಚಾಚಿದ ಬುಟ್ಟಿಯಂಥ ಲಂಗ. ಅದು ಪೂರ್ತಿ ದರ್ಬಾರಿ ಚಿತ್ರ, ಅದರಲ್ಲಿ ವಿಶೇಷ ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಆದರೆ 1783ರಲ್ಲಿ ಸಲೋನ್ ಅನ್ನುವ ಪ್ಯಾರಿಸಿನ ದೊಡ್ಡ ಚಿತ್ರಪ್ರದರ್ಶನಕ್ಕೆ ಇಟ್ಟಿದ್ದು ನೋಡಿ. ರಾಣಿ ತೆಳ್ಳನೆ ಬಿಳಿ ಮಸ್ಲಿನ್ ಉಡುಪಲ್ಲಿ, ಹುಲ್ಲಿನ ಟೋಪಿ ಹಾಕಿ, ಕೈಯಲ್ಲಿ ಗುಲಾಬಿ ಹಿಡಿದು ನಿಂತಿದ್ದಾಳೆ. ವಜ್ರ ಇಲ್ಲ, ರೇಷ್ಮೆ ಇಲ್ಲ. ಜನ ಬೊಬ್ಬೆ ಹೊಡೆದರು. ರಾಣಿ ಒಳ ಉಡುಪಲ್ಲಿ ನಿಂತಿದ್ದಾಳೆ ಅಂತ ಒಬ್ಬರು, ಪರದೇಶದ ಬಟ್ಟೆ ಉಟ್ಟು ನಮ್ಮ ರೇಷ್ಮೆ ನೇಯುವವರ ಹೊಟ್ಟೆಗೆ ಹೊಡೆದಳು ಅಂತ ಇನ್ನೊಬ್ಬರು. ಕೊನೆಗೆ ಅದನ್ನು ಇಳಿಸಿ, ಅದೇ ಭಂಗಿ, ಅದೇ ಗುಲಾಬಿ, ಆದರೆ ನೀಲಿ ರೇಷ್ಮೆ ಗೌನು ತೊಟ್ಟ ಇನ್ನೊಂದು ಚಿತ್ರ ಇಡಬೇಕಾಯಿತು. ಬರೀ ಮೆಚ್ಚಿಸುವುದೇ ಗುರಿಯಾಗಿದ್ದರೆ ಆ ಎರಡನೇ ಚಿತ್ರವನ್ನೇ ಮೊದಲು ಬರೆಯುತ್ತಿದ್ದಳು.

ಸುಮ್ನೆ ಓದುಗ:

ತೊಟ್ಟಿಲ ಚಿತ್ರದ ಬಗ್ಗೆ ಯಾರಾದರೂ ಹೇಳಿ. ಅದರ ಹಿಂದೆ ಏನೋ ಕಥೆ ಇದೆ ಅಂತ ಕೇಳಿದ್ದೆ.

ಸೇನ್ ದಂಡೆ ಕನ್ನಡತಿ:

ನಾನು ಹೇಳುತ್ತೇನೆ, ವರ್ಸೇಲ್ಸ್ ಅರಮನೆಯಲ್ಲಿ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೇನೆ.

1785ರಲ್ಲಿ ರಾಣಿಯ ಹೆಸರು ಹೇಳಿ ವಜ್ರದ ಹಾರ ಲಪಟಾಯಿಸಿದ ಹಗರಣ ಆಯಿತು. ರಾಣಿಯ ತಪ್ಪಿರಲಿಲ್ಲ, ಆದರೆ ಹೆಸರು ಕೆಟ್ಟಿತು. ಅದನ್ನು ಸರಿ ಮಾಡಲು ರಾಣಿಯನ್ನು ಮಕ್ಕಳ ತಾಯಿಯಾಗಿ ತೋರಿಸುವ ದೊಡ್ಡ ಚಿತ್ರ ಬೇಕು ಅಂತ ಸರ್ಕಾರವೇ ಬರೆಸಿತು. ಅಂದರೆ ಇದು ಪ್ರಚಾರದ ಚಿತ್ರವೇ, ಅದರಲ್ಲಿ ಮುಚ್ಚುಮರೆ ಬೇಡ. ರಾಣಿ ಕೆಂಪು ವೆಲ್ವೆಟ್ ಗೌನಲ್ಲಿ ಕೂತಿದ್ದಾಳೆ, ಕಾಲ ಕೆಳಗೆ ದಿಂಬು. ತೊಡೆ ಮೇಲೆ ಚಿಕ್ಕ ಮಗ. ಎಡಗಡೆ ಮಗಳು ಅಮ್ಮನ ತೋಳಿಗೆ ಒರಗಿಕೊಂಡಿದ್ದಾಳೆ. ಬಲಗಡೆ ಹಿಂದೆ ಕತ್ತಲಲ್ಲಿ ಒಡವೆಯ ದೊಡ್ಡ ಬೀರು, ಅದರ ಕಡೆ ಬೆಳಕೇ ಬಿಟ್ಟಿಲ್ಲ, ಮಕ್ಕಳೇ ನನ್ನ ಒಡವೆ ಅನ್ನುವ ಅರ್ಥಕ್ಕೆ. ಬಲಗಡೆಯೇ ಹಿರಿಮಗ ತೊಟ್ಟಿಲ ಪಕ್ಕ ನಿಂತು ಅದರ ಕಡೆ ಕೈ ತೋರಿಸುತ್ತಿದ್ದಾನೆ. ತೊಟ್ಟಿಲು ಖಾಲಿ.

ಚಿತ್ರ ಬರೆಯುತ್ತಿದ್ದ ಹಾಗೇ, 1787ರ ಜೂನ್‌ನಲ್ಲಿ, ಕೊನೆಯ ಮಗು ಸೋಫಿ ತೀರಿಕೊಂಡಿತು. ಇನ್ನೂ ಒಂದು ವರ್ಷ ತುಂಬಿರಲಿಲ್ಲ. ತೊಟ್ಟಿಲು ಮಾತ್ರ ಚಿತ್ರದಲ್ಲಿ ಹಾಗೇ ಉಳಿಯಿತು. ಹತ್ತಿರದಿಂದ ನೋಡಿದರೆ ಒಳಗೆ ಬರೀ ಬಟ್ಟೆಯ ಮಡಿಕೆ. ರಾಣಿಯ ಮುಖದಲ್ಲಿ ನಗು ಅಂತ ಹೇಳುವ ಹಾಗಿಲ್ಲ.

ಸಲೋನ್ ಶುರುವಾದಾಗ ಗಲಾಟೆ ಆದೀತು ಅಂತ ಹೆದರಿ ಚಿತ್ರ ತರಲೇ ಇಲ್ಲ, ಬರೀ ಚೌಕಟ್ಟು ನೇತುಹಾಕಿದ್ದರು. ಯಾರೋ ಅದನ್ನು ತೋರಿಸಿ, ಇಗೋ ನೋಡಿ ಖೋತಾ ಬಜೆಟ್ಟು ಅಂದರಂತೆ! ಖಜಾನೆ ಖಾಲಿ, ರಾಣಿಗೆ ಆಗಲೇ ಮೇಡಂ ಡೆಫಿಸಿಟ್ ಅಂತ ಅಡ್ಡಹೆಸರು ಬಿದ್ದಿತ್ತು. ಆಮೇಲೆ 1789ರ ಜೂನ್‌ನಲ್ಲಿ ಆ ಹಿರಿಮಗನೂ ಹೋದ. ಆ ಚಿತ್ರದ ಮುಂದೆ ಹಾದುಹೋಗಲು ಆಗುವುದಿಲ್ಲ ಅಂತ ರಾಣಿ ಅದನ್ನು ತೆಗೆಸಿ ಒಳಗಿಡಿಸಿದಳು. ಗಲಭೆಯಲ್ಲಿ ಅದು ಹಾಳಾಗದೆ ಉಳಿದದ್ದಕ್ಕೆ ಅದೇ ಕಾರಣ ಅಂತ ವಿಜೆ ಲೆಬ್ರನ್ ಬರೆಯುತ್ತಾಳೆ.

ಮಾತಿಗೊಂದು ಮಾತು:

ಇದು ನಾನು ಹೇಳಿದ್ದಕ್ಕೇ ಪುರಾವೆ ಆಯಿತಲ್ಲ. ಸರ್ಕಾರಿ ಜಾಹೀರಾತು ಬರೆದಳು, ಚೆನ್ನಾಗಿ ಬರೆದಳು. ಅಷ್ಟೇ.

ಸೇನ್ ದಂಡೆ ಕನ್ನಡತಿ:

ಚೆನ್ನಾಗಿ ಬರೆದಳು ಅನ್ನುವುದನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟಿರಲ್ಲ, ಸಂತೋಷ. ಆ ಕಾಲದಲ್ಲಿ ಅದನ್ನೇ ಯಾರೂ ಬಿಟ್ಟುಕೊಡುತ್ತಿರಲಿಲ್ಲ.

1783ರ ಮೇ 31ರಂದು ಫ್ರಾನ್ಸಿನ ಕಲಾವಿದರ ರಾಯಲ್ ಅಕಾಡೆಮಿಗೆ ಇಬ್ಬರು ಹೆಂಗಸರು ಸೇರಿದರು. ಒಬ್ಬಳು ಇವಳು, ಇನ್ನೊಬ್ಬಳು ಅಡಿಲೇಡ್ ಲಬೀಲ್ ಗಿಯಾರ್. ಹೆಂಗಸರಿಗೆ ಒಟ್ಟು ನಾಲ್ಕೇ ಸೀಟು. ಗಂಡ ಚಿತ್ರ ವ್ಯಾಪಾರಿ ಆದ್ದರಿಂದ ಇವಳನ್ನು ಸೇರಿಸಬಾರದು ಅಂತ ದೊಡ್ಡವರು ಅಡ್ಡಗಾಲು ಹಾಕಿದರು, ರಾಣಿ ಹೇಳಿ ರಾಜನ ಆಜ್ಞೆ ಬಂದ ಮೇಲೆ ಬಾಗಿಲು ತೆರೆಯಿತು. ಹಾಗಾಗಿ ವಶೀಲಿಬಾಜಿ ಅನ್ನುವವರು ಅನ್ನಬಹುದು. ಆದರೆ ತಡೆದ ಕಾರಣ ಅವಳ ಕುಂಚ ಆಗಿರಲಿಲ್ಲ, ಗಂಡನ ಅಂಗಡಿ ಆಗಿತ್ತು. ಸೇರಿದ ಮೇಲೂ ನೆಮ್ಮದಿ ಇಲ್ಲ. ಇವಳ ಚಿತ್ರವನ್ನು ಮೆನಾಜೊ ಅನ್ನುವ ಗಂಡಸು ತಿದ್ದಿಕೊಡುತ್ತಾನೆ, ಅವಳ ಚಿತ್ರವನ್ನು ವಿನ್ಸೆಂಟ್ ಅನ್ನುವ ಗಂಡಸು ತಿದ್ದಿಕೊಡುತ್ತಾನೆ ಅಂತ ಗುಸುಗುಸು. ಹಾಗೇ ಇಬ್ಬರನ್ನೂ ಕೋಳಿ ಜಗಳಕ್ಕೆ ಬಿಟ್ಟ ಹಾಗೆ ಎದುರುಬದುರು ನಿಲ್ಲಿಸಿ ಮಜಾ ತೆಗೆದುಕೊಂಡರು.

ಲೂವ್ರ್‌ನಲ್ಲಿ ಇವಳು ತನ್ನನ್ನೇ ಬರೆದುಕೊಂಡ ಒಂದು ಚಿತ್ರ ಇದೆ, ಮಗಳು ಜೂಲಿಯನ್ನು ತಬ್ಬಿಕೊಂಡದ್ದು, 1787ರಲ್ಲಿ ತೋರಿಸಿದ್ದು. ಅದರಲ್ಲಿ ಬಾಯಿ ಸ್ವಲ್ಪ ತೆರೆದು ನಗುತ್ತಿದ್ದಾಳೆ, ಹಲ್ಲಿನ ತುದಿ ಕಾಣುತ್ತೆ. ಅದಕ್ಕೂ ಟೀಕೆ! ಹಲ್ಲು ಕಾಣುವ ನಗು ಹಳಬರ ಕಲೆಯಲ್ಲೇ ಇಲ್ಲ, ತಾಯಿಯೊಬ್ಬಳಿಗೆ ಇದು ಒಪ್ಪುವುದಿಲ್ಲ ಅಂತ. ಈಗ ಸೆಲ್ಫಿ ತೆಗೆಯುವಾಗ ಹಲ್ಲು ಬಿಡುವ ನಮಗೆ ಇದು ತಮಾಷೆ. ಆಗ ಅದು ಧೈರ್ಯ.

ಹಳೇಪೇಟೆ ಹುಡುಗ:

ಭರ್ಜರಿ. ಈಗ ದರ್ವೇಶ್ ಖಾನ್ ಕಡೆ ಯಾರಾದರೂ ಬನ್ನಿ.

ಕೋಟೆ ಕೊತ್ತಲ:

ಬಂದೆ. ಮೈಸೂರು ಇತಿಹಾಸ ನನ್ನ ಹುಚ್ಚು. ಕಲೆ ನನಗೆ ಅಷ್ಟಕ್ಕಷ್ಟೇ.

ಮೊದಲು ಹಿನ್ನೆಲೆ. 1784ರ ಮಂಗಳೂರು ಒಪ್ಪಂದದಿಂದ ಇಂಗ್ಲಿಷರ ಜೊತೆ ಯುದ್ಧ ನಿಂತಿತ್ತು, ಹಗೆ ನಿಂತಿರಲಿಲ್ಲ. ಫ್ರೆಂಚರ ಸೈನ್ಯದ ನೆರವು ಬೇಕು, ಜೊತೆಗೆ ಕುಶಲಕರ್ಮಿಗಳು ಬೇಕು ಅಂತ ಟಿಪ್ಪು ಮೂವರನ್ನು ಕಳಿಸಿದ: ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. 1787ರಲ್ಲಿ ಪಾಂಡಿಚೇರಿಯಿಂದ ಹೊರಟ ಹಡಗು 1788ರ ಜೂನ್‌ನಲ್ಲಿ ತುಲೋನ್ ಬಂದರಿಗೆ ಸೇರಿತು. ಪ್ಯಾರಿಸಿನಲ್ಲಿ ಜನವೋ ಜನ, ಇವರು ಹೋದಲ್ಲೆಲ್ಲ ಗುಂಪು. ಆಗಸ್ಟ್ 10ಕ್ಕೆ ವರ್ಸೇಲ್ಸ್‌ನಲ್ಲಿ ರಾಜನ ದರ್ಶನ. ಅದಾದ ಒಂದೇ ವಾರಕ್ಕೆ, ಆಗಸ್ಟ್ 16ಕ್ಕೆ, ಫ್ರಾನ್ಸಿನ ಖಜಾನೆ ನಗದು ಪಾವತಿ ನಿಲ್ಲಿಸಿತು. ಇಂಥಾ ದಿವಾಳಿ ಎದ್ದ ಮನೆಯಲ್ಲಿ ಸಾಲ ಕೇಳಲು ಹೋಗಿದ್ದರು ನಮ್ಮವರು! ಸಿಕ್ಕಿದ್ದು ಒಳ್ಳೆ ಮಾತು, ಸೆವ್ರ್‌ನ ಪಿಂಗಾಣಿ ಮತ್ತೆ ಕೆಲವು ಕೆಲಸಗಾರರು. ಸೈನ್ಯ ಸಿಗಲಿಲ್ಲ.

ವಿಜೆ ಲೆಬ್ರನ್ ಇವರನ್ನು ಮೊದಲು ನೋಡಿದ್ದು ಒಪೆರಾದಲ್ಲಿ. ಆ ಕಂಚಿನ ಬಣ್ಣದ ಮುಖಗಳನ್ನು ನೋಡಿ, ಇವರನ್ನು ಬರೆಯಲೇಬೇಕು ಅಂತ ಹಟ ಹಿಡಿದಳು. ಇವರು ಒಪ್ಪಲಿಲ್ಲ. ರಾಜ ಕೇಳಿದರೆ ಮಾತ್ರ ಅಂದರು. ಆಕೆ ರಾಜನಿಂದಲೇ ಹೇಳಿಸಿದಳು! ದೊಡ್ಡ ಕ್ಯಾನ್ವಾಸು ಹೊರಿಸಿಕೊಂಡು ಅವರ ಬಿಡಾರಕ್ಕೆ ಹೋದರೆ ಒಬ್ಬರು ಬಂದು ಕೈಗೆ ಪನ್ನೀರು ಎರಚಿದರು. ಪಾಪ, ನಮ್ಮ ಕಡೆ ಮದುವೆ ಮನೆ ಬಾಗಿಲಲ್ಲಿ ನಿಂತವರಿಗೆ ಇದು ಗೊತ್ತಿರುತ್ತೆ, ಆಕೆಗೆ ಹೊಸದು. ದರ್ವೇಶ್ ಖಾನ್ ನಿಂತುಕೊಂಡು ಪೋಸ್ ಕೊಟ್ಟ. ಉಸ್ಮಾನ್ ಖಾನನನ್ನು ಮಗನ ಜೊತೆ ಕೂತ ಹಾಗೆ ಬರೆದಳು.

ಊಟಕ್ಕೂ ಕರೆದರು. ಆಕೆ ಗೆಳತಿಯೊಬ್ಬಳನ್ನು ಕರೆದುಕೊಂಡು ಕುತೂಹಲಕ್ಕೆ ಹೋದಳು. ಎಲ್ಲರೂ ನೆಲದ ಮೇಲೆ ಸುತ್ತ ಕೂತಿದ್ದಾರೆ. ಇವರಿಬ್ಬರೂ ಗೌನು ಮಡಚಿಕೊಂಡು ನೆಲಕ್ಕೇ ಕೂತರು. ಕುರಿ ಕಾಲಿನ ಖಾರವಾದ ಪದಾರ್ಥವನ್ನು ಅವರು ಕೈಯಲ್ಲೇ ತೆಗೆದು ಬಡಿಸಿದರಂತೆ. ಚಮಚ ಇಲ್ಲದ ಊಟ ಕಷ್ಟವಾಯಿತು ಅನ್ನುವ ಧಾಟಿಯಲ್ಲೇ ಬರೆದಿದ್ದಾಳೆ. ಕಾಲು ಸೂಪಿನ ನಾಡಿನವರಿಗೆ ಆ ದೃಶ್ಯ ಬೇರೆ ಥರ ಕಾಣುತ್ತೆ ಬಿಡಿ.

ನಿಜವಾದ ಮಜಾ ಆಮೇಲೆ. ಚಿತ್ರ ಒಣಗಿದ ಮೇಲೆ ತರಿಸಿಕೊಳ್ಳಲು ಆಳು ಕಳಿಸಿದರೆ ದರ್ವೇಶ್ ಖಾನ್ ಕೊಡಲಿಲ್ಲ. ಹಾಸಿಗೆ ಹಿಂದೆ ಅಡಗಿಸಿಟ್ಟಿದ್ದ. ಇದಕ್ಕೆ ಇನ್ನೂ ಆತ್ಮ ಬರಬೇಕು ಅಂದನಂತೆ. ಆಕೆ ಉಪಾಯ ಮಾಡಿ ಕದಿಸಿಬಿಟ್ಟಳು! ಚಿತ್ರ ಕಾಣದೆ ಸಿಟ್ಟಿಗೆದ್ದ ಖಾನ್ ತನ್ನ ಆಳನ್ನೇ ಕೊಲ್ಲಲು ಹೊರಟ. ಪ್ಯಾರಿಸಿನಲ್ಲಿ ಆಳುಗಳನ್ನು ಹಾಗೆಲ್ಲ ಕೊಲ್ಲುವಂತಿಲ್ಲ ಅಂತ ದುಭಾಷಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ಚಿತ್ರ ಬೇಕು ಅಂದದ್ದು ರಾಜನೇ ಅಂತ ಹೇಳಿ ಸಮಾಧಾನ ಮಾಡಿದ. ಇದೆಲ್ಲ ಆಕೆಯ ಬಾಯಿಂದ ಬಂದದ್ದು, ಖಾನ್ ಕಡೆಯ ಮಾತು ನಮಗೆ ಸಿಗುವುದಿಲ್ಲ, ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು ಅಂತ ನನ್ನ ಗುಮಾನಿ.

ಆ ಚಿತ್ರ 1789ರ ಸಲೋನ್‌ನಲ್ಲಿ ಜನರಿಗೆ ಕಂಡಿತು. ಅಷ್ಟೊತ್ತಿಗೆ ಬಾಸ್ಟೀಲ್ ಸೆರೆಮನೆ ಬಿದ್ದು ಕ್ರಾಂತಿ ಶುರುವಾಗಿತ್ತು.

ಕುಂಚ ಕ್ಯಾನ್ವಾಸ್:

ಕೊತ್ತಲ ಸರ್, ಕಲೆ ಅಷ್ಟಕ್ಕಷ್ಟೇ ಅಂದಿರಿ. ಆ ಅಂಗಿಯನ್ನು ಜೂಮ್ ಮಾಡಿ ನೋಡಿ. ಮಸ್ಲಿನ್ ಬಿಳಿ ಅಂತ ಕಾಣುತ್ತೆ, ಆದರೆ ಶುದ್ಧ ಬಿಳಿ ಇರುವುದು ಕೆಲವು ಕಡೆ ಮಾತ್ರ, ಉಳಿದದ್ದೆಲ್ಲ ಬೂದು, ತಿಳಿ ಕಂದು, ಒಂದಿಷ್ಟು ನೀಲಿ ಛಾಯೆ. ಹೂವುಗಳು ಮಡಿಕೆಯ ಜೊತೆಗೇ ತಿರುಗುತ್ತವೆ, ಮಡಿಕೆ ಒಳಗೆ ಹೋದರೆ ಹೂವೂ ಅರ್ಧ ಮುಚ್ಚುತ್ತೆ. ಮುಖದಲ್ಲಿ ಒದ್ದೆ ಕಣ್ಣೂ ಇಲ್ಲ, ಗುಲಾಬಿ ಕೆನ್ನೆಯೂ ಇಲ್ಲ. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರೆದಳು ಅಂದ ಗೆಳೆಯರು ಇದೊಂದನ್ನು ನೋಡಬೇಕು.

ಮಾತಿಗೊಂದು ಮಾತು:

ನೋಡಿದೆ. ಚೆನ್ನಾಗಿದೆ. ಇದೊಂದು ಬೇರೆ ಥರ ಇದೆ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ರಾತ್ರಿ ಊಟಕ್ಕೆ 20,000 ಫ್ರಾಂಕ್ ಸುರಿದ ಗ್ರೀಕ್ ಪಾರ್ಟಿ ಕಥೆ? ದೇಶ ಸಾಲದಲ್ಲಿದ್ದಾಗ?

ಸೇನ್ ದಂಡೆ ಕನ್ನಡತಿ:

ಅಯ್ಯೋ, ಆ ಕಥೆ ನೀವು ತರಲಿ ಅಂತಲೇ ಕಾಯುತ್ತಿದ್ದೆ!

ಆ ಸಂಜೆ ಮನೆಗೆ ನೆಂಟರಿಷ್ಟರು ಬರುವವರಿದ್ದರು. ಅಷ್ಟರಲ್ಲಿ ತಮ್ಮ ಪುರಾತನ ಗ್ರೀಸ್ ಬಗ್ಗೆ ಒಂದು ಪುಸ್ತಕ ಓದಿ ಹೇಳುತ್ತಿದ್ದ, ಅದರಲ್ಲಿ ಅಡುಗೆ ಮಾಡುವ ಕ್ರಮ ಬಂತು. ಇವತ್ತು ಹೀಗೇ ಮಾಡೋಣ ಅಂತ ಇವಳಿಗೆ ಹೊಳೆಯಿತು. ಅಡುಗೆಯವಳಿಗೆ ಕೋಳಿಗೊಂದು, ಮೀನಿಗೊಂದು ಸಾರು ಹೇಳಿಕೊಟ್ಟಳು. ಸ್ಟುಡಿಯೋದಲ್ಲಿ ಪೋಸಿಗೆ ಬಳಸುತ್ತಿದ್ದ ಬಟ್ಟೆಗಳನ್ನೇ ಬಂದವರಿಗೆ ಸುತ್ತಿದಳು. ಅದೇ ಕಟ್ಟಡದಲ್ಲಿ ಇದ್ದವರೊಬ್ಬರ ಹತ್ತಿರ ಹಳೇ ಕಾಲದ ಹೂಜಿ ಲೋಟ ಇದ್ದವು, ಕಡ ತಂದಳು. ಖರ್ಚು ಸುಮಾರು 15 ಫ್ರಾಂಕ್.

ಸುದ್ದಿ ವರ್ಸೇಲ್ಸ್ ತಲುಪಿದಾಗ 20,000 ಆಗಿತ್ತು. ದೇಶ ಬಿಟ್ಟು ರೋಮಿಗೆ ಹೋದರೆ ಅಲ್ಲಿ 40,000. ವಿಯೆನ್ನಾದಲ್ಲಿ 60,000. ಪೀಟರ್ಸ್‌ಬರ್ಗಿನಲ್ಲಿ 80,000ಕ್ಕೆ ಬಂದು ನಿಂತಿತು. ವಾಟ್ಸಾಪ್ ಇಲ್ಲದ ಕಾಲದಲ್ಲೇ ಹೀಗೆ!

ಮಾತಿಗೊಂದು ಮಾತು:

ಅದೂ ಅವಳೇ ಹೇಳಿದ ಲೆಕ್ಕ ತಾನೇ? 15ರ ಮೇಲೆ ಇನ್ನೊಂದು ಸೊನ್ನೆ ಸೇರಿಸಿಕೊಳ್ಳುತ್ತೇನೆ, ಅದಕ್ಕಿಂತ ಜಾಸ್ತಿ ಬೇಡ.

ಕುಂಚ ಕ್ಯಾನ್ವಾಸ್:

ಸರಿ ಸರಿ. ದೇಶ ಬಿಟ್ಟ ಮೇಲಿನ ಕಥೆ ಯಾರೂ ಹೇಳಲಿಲ್ಲ. ನನಗೆ ಈಕೆ ದೊಡ್ಡವಳು ಅನ್ನಿಸುವುದೇ ಅಲ್ಲಿಂದ.

1789ರ ಅಕ್ಟೋಬರ್ 6. ಜನ ರಾಜ ರಾಣಿಯನ್ನು ವರ್ಸೇಲ್ಸ್‌ನಿಂದ ಪ್ಯಾರಿಸಿಗೆ ಎಳೆದು ತಂದ ದಿನ. ಅದೇ ರಾತ್ರಿ ಇವಳು ಕೂಲಿ ಹೆಂಗಸಿನ ಹಾಗೆ ಬಟ್ಟೆ ಹಾಕಿ, ಕಣ್ಣಿನವರೆಗೆ ಬಟ್ಟೆ ಇಳಿಬಿಟ್ಟು, 9 ವರ್ಷದ ಮಗಳನ್ನೂ ಅವಳ ಆಯಾಳನ್ನೂ ಕರೆದುಕೊಂಡು ಎಲ್ಲರೂ ಹೋಗುವ ಬಾಡಿಗೆ ಕುದುರೆಗಾಡಿ ಹತ್ತಿದಳು. ಗಂಡ ಬರಲಿಲ್ಲ. ಸ್ವಲ್ಪ ದಿನಕ್ಕೆ ಅಂತ ಹೋದವಳು ವಾಪಸ್ ಬಂದದ್ದು 1802ರ ಜನವರಿಯಲ್ಲಿ.

ಮೊದಲು ಇಟಲಿ. ಫ್ಲಾರೆನ್ಸಿನ ಉಫೀಜಿ ಗ್ಯಾಲರಿಯವರು ಪ್ರಸಿದ್ಧ ಕಲಾವಿದರು ತಮ್ಮನ್ನೇ ಬರೆದುಕೊಂಡ ಚಿತ್ರಗಳ ಸಂಗ್ರಹಕ್ಕೆ ಇವಳದೂ ಬೇಕು ಅಂದರು. ತಾನು ಕುಂಚ ಹಿಡಿದು ರಾಣಿಯ ಮುಖ ಬರೆಯುತ್ತಿರುವ ಹಾಗೆ ಬರೆದುಕೊಟ್ಟಳು, 1790ರಲ್ಲಿ, ರಾಣಿ ಪ್ಯಾರಿಸಿನಲ್ಲಿ ಹೆಚ್ಚುಕಮ್ಮಿ ಸೆರೆಯಲ್ಲಿದ್ದಾಗ. ಅದು ನಿಷ್ಠೆಯೂ ಹೌದು, ನಾನು ಯಾರ ಕಲಾವಿದೆ ಅಂತ ಯುರೋಪಿಗೆಲ್ಲ ಸಾರುವ ಬೋರ್ಡೂ ಹೌದು. ಎರಡರಲ್ಲಿ ಯಾವುದು ಜಾಸ್ತಿ ಅಂತ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ. ನೇಪಲ್ಸ್‌ನಲ್ಲಿ ಮೇರಿ ಆಂಟೊನೆಟ್‌ಳ ಅಕ್ಕನನ್ನು, ಆಮೇಲೆ ಲೇಡಿ ಹ್ಯಾಮಿಲ್ಟನ್ ಆದ ಎಮ್ಮಾಳನ್ನು ಬರೆದಳು. 1792ರಿಂದ 95ರವರೆಗೆ ವಿಯೆನ್ನಾ, ಅಲ್ಲಿಂದ ರಷ್ಯಾ.

ರಷ್ಯಾದಲ್ಲಿ ಮೊಮ್ಮಕ್ಕಳಿಬ್ಬರ ಚಿತ್ರ ನೋಡಿ ರಾಣಿ ಕ್ಯಾಥರೀನ್ ಮುಖ ಗಂಟಿಕ್ಕಿದಳು. ತೋಳು ಬರಿದಾಗಿತ್ತು ಅಂತ. ಉದ್ದ ತೋಳು ಸೇರಿಸಿ ತಿದ್ದಬೇಕಾಯಿತು, ಚಿತ್ರ ಕೆಟ್ಟಿತು ಅಂತ ಇವಳಿಗೆ ಬೇಜಾರು. ಆಮೇಲೆ ಕ್ಯಾಥರೀನ್ ತಾನೂ ಕೂರಲು ಒಪ್ಪಿದಳು. ಕೂರುವ ಮುಂಚೆ 1796ರಲ್ಲಿ ಸತ್ತುಹೋದಳು.

ಆ ಕಡೆ ಫ್ರಾನ್ಸಿನಲ್ಲಿ ಓಡಿಹೋದವರ ಪಟ್ಟಿಗೆ ಇವಳ ಹೆಸರು ಸೇರಿಸಿ ಪೌರತ್ವ ಕಿತ್ತುಕೊಂಡರು. ಗಂಡ 1793ರಲ್ಲಿ, ಅವಳು ಕಲೆ ಕಲಿಯಲು ಹೋಗಿದ್ದಾಳೆ ಅಂತ ಪುಸ್ತಿಕೆ ಅಚ್ಚು ಹಾಕಿಸಿದ. ಮಾರನೇ ವರ್ಷ ಆಸ್ತಿ ಉಳಿಸಿಕೊಳ್ಳಲು ವಿಚ್ಛೇದನ ಕೊಟ್ಟ. ಈ ಮನುಷ್ಯನನ್ನು ಪೂರ್ತಿ ಕೆಟ್ಟವನು ಅನ್ನಲೂ ಆಗುವುದಿಲ್ಲ ನೋಡಿ. ಹಳೇ ದೊಡ್ಡವರ ಚಿತ್ರಗಳನ್ನು ಮನೆಗೆ ತಂದು ಅವಳ ಕಣ್ಣು ಪಳಗಿಸಿದವನೂ ಅವನೇ.

ನನ್ನ ಮಾತು ಇಷ್ಟೇ. ಆಸ್ಥಾನ ಇದ್ದಾಗ ಅವಳಿಗೆ ಹೆಸರಿತ್ತು, ದುಡ್ಡು ಗಂಡನದು. ಆಸ್ಥಾನ ಬಿದ್ದ ಮೇಲೆ ಊರೂರು ಅಲೆದು, ಭಾಷೆ ಬರದ ಕಡೆ ಸ್ಟುಡಿಯೋ ಹಾಕಿ, ಬೆಲೆ ತಾನೇ ಹೇಳಿ, ದುಡ್ಡು ತಾನೇ ಎಣಿಸಿಕೊಂಡಳು. ಕೇವಲ ರಾಣಿಯ ದಯೆಯಿಂದ ಬದುಕಿದ್ದವಳಾದರೆ ರಾಣಿಯ ಜೊತೆಗೇ ಅವಳ ಕಥೆಯೂ ಮುಗಿಯಬೇಕಿತ್ತು.

ಮಾತಿಗೊಂದು ಮಾತು:

ಈ ಪೋಸ್ಟಿಗೆ ಗೌರವ. ದುಡಿಮೆಯ ವಿಷಯದಲ್ಲಿ ನಿಮ್ಮ ವಾದ ಒಪ್ಪುತ್ತೇನೆ. ಆದರೆ ಅಲ್ಲಿಯೂ ಅವಳ ಸುತ್ತ ಇದ್ದದ್ದು ಓಡಿಬಂದ ಶ್ರೀಮಂತರು, ರಾಜರು, ರಾಜಕುಮಾರಿಯರೇ. ಆಗ ಹೆಂಗಸರು ಆಳುತ್ತಿದ್ದರು, ಕ್ರಾಂತಿ ಬಂದು ಅವರನ್ನು ಸಿಂಹಾಸನದಿಂದ ಇಳಿಸಿತು ಅಂತ ಬರೆದವಳು ಈಕೆ. ಯಾವ ಹೆಂಗಸರು? ಹೊಲದಲ್ಲಿ ದುಡಿಯುತ್ತಿದ್ದವರಾ? ಲಬೀಲ್ ಗಿಯಾರ್ ನೋಡಿ. ಓಡಿಹೋಗಲಿಲ್ಲ, ಪ್ಯಾರಿಸಿನಲ್ಲೇ ಉಳಿದು ಕ್ರಾಂತಿಯ ಮುಂದಾಳು ರೋಬೆಸ್ಪಿಯರ್ ಚಿತ್ರವನ್ನೂ ಬರೆದಳು. 1790ರಲ್ಲಿ ಅಕಾಡೆಮಿಯಲ್ಲಿ ಎದ್ದು ನಿಂತು, ಹೆಂಗಸರಿಗೆ ನಾಲ್ಕೇ ಸೀಟು ಅನ್ನುವ ಮಿತಿ ತೆಗೆಯಿರಿ ಅಂತ ಕೇಳಿದಳು. ಇವರಿಬ್ಬರಲ್ಲಿ ನನ್ನ ಓಟು ಅವಳಿಗೆ.

ಸೇನ್ ದಂಡೆ ಕನ್ನಡತಿ:

ಆ ಓಟಿಗೆ ನನ್ನದೂ ಸೇರಿಸಿ, ಆ ಒಂದು ವಿಷಯಕ್ಕೆ. ಆದರೆ ಕ್ರಾಂತಿ ಆ ಲಬೀಲ್ ಗಿಯಾರ್‌ಗೇನು ಕೊಟ್ಟಿತು ಅಂತಲೂ ನೋಡಿ. ವರ್ಷಗಟ್ಟಲೆ ಕೂತು ಬರೆಯುತ್ತಿದ್ದ ಅವಳ ಅತಿ ದೊಡ್ಡ ಚಿತ್ರ, ರಾಜನ ತಮ್ಮ ಬರೆಸಿದ್ದು, 1793ರಲ್ಲಿ ಸುಟ್ಟುಹೋಯಿತು, ಸುಡಲೇಬೇಕು ಅಂತ ಆಜ್ಞೆ ಆಗಿತ್ತು. ನಾಲ್ಕು ಸೀಟಿನ ಜಾಗದಲ್ಲಿ ಹೆಂಗಸರಿಗೆ ಸಿಕ್ಕಿದ್ದು ಸೊನ್ನೆ. ಹಾಗಾಗಿ ಆ ಸಿಂಹಾಸನದ ಮಾತು ಅಷ್ಟೊಂದು ಪೊಳ್ಳಲ್ಲ.

ಸುಮ್ನೆ ಓದುಗ:

ಕೊನೆಗೆ ಏನಾಯಿತು? ಮಗಳು?

ಕುಂಚ ಕ್ಯಾನ್ವಾಸ್:

ಮಗಳ ವಿಷಯ ಬೇಜಾರಿನದು. ರಷ್ಯಾದಲ್ಲಿ ಜೂಲಿ ಒಬ್ಬ ದೊಡ್ಡ ಮನುಷ್ಯನ ಕಾರ್ಯದರ್ಶಿಯನ್ನು ಇಷ್ಟಪಟ್ಟಳು. ಅಮ್ಮನಿಗೆ ಸುತರಾಂ ಇಷ್ಟ ಇರಲಿಲ್ಲ, ಕೊನೆಗೆ ಬಗ್ಗಿ ಮದುವೆ ಮಾಡಿಕೊಟ್ಟಳು. ತಾಯಿ ಮಗಳ ನಡುವೆ ಮನಸ್ಸು ಮುರಿದದ್ದು ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಆ ಮದುವೆಯೂ ನಿಲ್ಲಲಿಲ್ಲ. ಜೂಲಿ 1819ರಲ್ಲಿ ಹೋದಳು, ಮರುವರ್ಷ ವಿಜೆ ಲೆಬ್ರನ್‌ಳ ತಮ್ಮ ಹೋದ.

ಇವಳ ಹೆಸರು ಆ ಓಡಿಹೋದವರ ಪಟ್ಟಿಯಿಂದ ತೆಗೆಯಿರಿ ಅಂತ 255 ಜನ ಸಹಿ ಹಾಕಿದ ಮನವಿ ಹೋಗಿತ್ತು, ಅದಾದ ಮೇಲೆಯೇ ಊರಿಗೆ ಬರಲು ಆದದ್ದು. ಬಂದ ಮೇಲೆ ಲಂಡನ್ನು, ಸ್ವಿಟ್ಜರ್ಲೆಂಡು ಅಂತ ಮತ್ತೆ ತಿರುಗಾಟ. ನೆಪೋಲಿಯನ್‌ನ ತಂಗಿ ಕ್ಯಾರೊಲೈನ್ ಮುರಾ ಚಿತ್ರ ಬರೆಯಬೇಕಾಗಿ ಬಂದಾಗ ಆಕೆ ಹೇಳಿದ ಹೊತ್ತಿಗೆ ಬರುವುದಿಲ್ಲ, ಬಂದಾಗಲೆಲ್ಲ ಹೊಸ ತಲೆ ಬಾಚು, ಹೊಸ ಬಟ್ಟೆ. ಬರೆದದ್ದನ್ನು ಅಳಿಸಿ ಅಳಿಸಿ ಸಾಕಾಯಿತು. ಒಂದು ದಿನ ಆಕೆಗೆ ಕೇಳಿಸುವ ಹಾಗೇ ಪಕ್ಕದವರಿಗೆ ಅಂದಳು: ನಾನು ನಿಜವಾದ ರಾಜಕುಮಾರಿಯರನ್ನು ಬರೆದಿದ್ದೇನೆ, ಅವರು ಯಾವತ್ತೂ ನನ್ನನ್ನು ಹೀಗೆ ಗೋಳು ಹೊಯ್ದುಕೊಳ್ಳಲಿಲ್ಲ, ಕಾಯಿಸಲೂ ಇಲ್ಲ.

1835ರಿಂದ 37ರೊಳಗೆ ಆತ್ಮಕಥೆ ಮೂರು ಸಂಪುಟ ಬಂತು. ಕೊನೆಯಲ್ಲಿ ತಾನೇ ಕೊಟ್ಟ ಲೆಕ್ಕ: 662 ಭಾವಚಿತ್ರ, 15 ಬೇರೆ ಚಿತ್ರ, ಸುಮಾರು 200 ಭೂದೃಶ್ಯ. 1842ರ ಮಾರ್ಚ್ 30ರಂದು ಪ್ಯಾರಿಸಿನಲ್ಲಿ ತೀರಿಕೊಂಡಳು. 86 ವರ್ಷ.

ಹಳೇಪೇಟೆ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೊನೆಯ ಪ್ರಶ್ನೆ: ನಮ್ಮ ಅಕ್ಕ ಲಂಡನ್ನಿನಲ್ಲಿದ್ದಾಳೆ, ಅವಳಿಗೆ ಒಂದೇ ಚಿತ್ರ ನೋಡು ಅಂತ ಹೇಳುವುದಾದರೆ ಯಾವುದು?

ಸೇನ್ ದಂಡೆ ಕನ್ನಡತಿ:

ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ಹೋಗಲಿ, ಟಿಕೆಟ್ ಇಲ್ಲ. ಒಂದಲ್ಲ, ಎರಡು ನೋಡಬೇಕು. ಮೊದಲು ರೂಬೆನ್ಸ್ ಬರೆದ ಟೋಪಿ ಹೆಂಗಸಿನ ಚಿತ್ರ. 1781ರಲ್ಲಿ ಆಂಟ್ವರ್ಪಿನಲ್ಲಿ ಇದನ್ನು ನೋಡಿಯೇ ವಿಜೆ ಲೆಬ್ರನ್ ಮರುಳಾದದ್ದು. ಟೋಪಿಯ ನೆರಳಲ್ಲಿ ಮುಖ ಇದೆ, ಆದರೂ ಮುಖ ಕತ್ತಲಾಗಿಲ್ಲ, ಬೇರೆಲ್ಲಿಂದಲೋ ಬಂದ ಬೆಳಕು ಒಳಗೆ ತುಂಬಿದೆ. ಆಮೇಲೆ ಅದನ್ನೇ ತನ್ನ ಮುಖದ ಮೇಲೆ ಮಾಡಿ ನೋಡಿದಳು, ಹುಲ್ಲಿನ ಟೋಪಿ, ಕೈಯಲ್ಲಿ ಪ್ಯಾಲೆಟ್ಟು. ಅದೂ ಅಲ್ಲೇ ಇದೆ. ಮೊದಲು ರೂಬೆನ್ಸ್, ಆಮೇಲೆ ಇವಳು, ಈ ಕ್ರಮ ತಪ್ಪಬಾರದು ಅಂತ ಅಕ್ಕನಿಗೆ ಹೇಳಿ. ಪ್ಯಾಲೆಟ್ಟಿನ ಮೇಲಿನ ಬಣ್ಣದ ಮುದ್ದೆಗಳನ್ನೂ ಬಿಡದೆ ನೋಡಲಿ.

ಮಾತಿಗೊಂದು ಮಾತು:

ಅಕ್ಕ ನೋಡಿ ಬಂದು ಏನಂದರು ಅಂತ ಇಲ್ಲಿ ಹಾಕಿ. ಕಣ್ಣು ದೊಡ್ಡದಾಗಿದೆ ಅಂದರೆ ನನ್ನ ಕಡೆ ಒಂದು ಓಟು.